ಆಟ ಬಾರದವಳು ಬರೆದ ಆಟ

ನಮ್ಮ ಯಜಮಾನರು ಸಂಶಯದ ಮನುಷ್ಯ. ಸಂತೆಯಲ್ಲಿ ತಕ್ಕಡಿಯ ತಳ ಮುಟ್ಟಿ ನೋಡುತ್ತಾರೆ. ಹಾಲು ಹಾಕುವವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೀರು ಹುಡುಕುತ್ತಾರೆ. ಚದುರಂಗದಲ್ಲಿ ಅವರು ಗಟ್ಟಿಗರಾದದ್ದೂ ಈ ಗುಣದಿಂದಲೇ. ಎದುರಿನವನು ಪ್ಯಾದೆ ಮುಟ್ಟಿದರೂ ಸಾಕು, ಇವನ ಹೊಟ್ಟೆಯಲ್ಲಿ ಏನೋ ಇದೆ ಎಂದು ಹುಬ್ಬು ಗಂಟಿಕ್ಕುತ್ತಾರೆ. ಬಸವನ ಬಾಗೇವಾಡಿಯ ನಮ್ಮ ಬೀಜ-ಗೊಬ್ಬರದ ಅಂಗಡಿಗೆ ಮುದ್ದೇಬಿಹಾಳದಿಂದ, ಸಿಂದಗಿಯಿಂದ ಬಂದವರೆಲ್ಲ ಒಂದಾಟ ಆಡಿ, ಸೋತು, ಆಮೇಲೆ ಚೀಲ ಕೊಂಡು ಹೋಗುತ್ತಾರೆ. ಅವರಿಗೆ ಸರಿಜೋಡಿ ಎಂದರೆ ಒಬ್ಬರೇ, ಇಂಡಿ ಊರಿನ ಲಿಂಬೆಹಣ್ಣಿನ ವ್ಯಾಪಾರಿ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಕುದುರೆ ಎರಡೂವರೆ ಮನೆ ಹಾರುತ್ತದೆ ಎಂಬಲ್ಲಿಗೆ ನನ್ನ ಚದುರಂಗದ ಪಾಂಡಿತ್ಯ ಮುಗಿಯುತ್ತದೆ. ಅಂಗಡಿಯಲ್ಲಿ ಆಡುವುದು ಹಳೆಯ ಪದ್ಧತಿಯ ಆಟ. ಓರೆಯಾಗಿ ನಡೆಯುವ ಕಾಯಿಗೆ ಅಲ್ಲಿ ಒಂಟೆ ಎಂದೇ ಹೆಸರು. ಪ್ಯಾದೆಗೆ ಯಾವಾಗಲೂ ಒಂದೇ ಹೆಜ್ಜೆ, ರಾಜನಿಗೆ ಇಡೀ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರುವ ಅವಕಾಶ. ಮೊಬೈಲಿನ ಆಟಗಳಿಗೆ ಈ ಪದ್ಧತಿ ಗೊತ್ತಿಲ್ಲ. ಅದಕ್ಕೇ ಒಂದು ದಿನ ನಮ್ಮವರು, "ನಮ್ಮ ಆಟಾ ಆಡೂವಂಥಾ ಪ್ರೋಗ್ರಾಮ್ ಒಂದು ಮಾಡು. ಕೈ ನಿಂದು, ತಲಿ ನಂದು," ಎಂದರು.

ತಲೆ ಅವರದು ಎಂಬ ಮಾತು ನನಗೆ ಆಗಲೇ ಚುಚ್ಚಿತು. ಆದರೂ ಅವರು ಹೇಳಿದ್ದನ್ನೆಲ್ಲ ಬರೆದೆ. ವಜೀರನನ್ನು ಬೇಗ ಹೊರಗೆ ತರಬಾರದು. ಅಂಚಿಗೆ ಹೋದ ಕುದುರೆ ಕುಂಟು ಕುದುರೆ. ರಾಜನ ಹಾರಿಕೆಯನ್ನು ಕಡೆಯತನಕ ಕಾಯ್ದಿಡಬೇಕು. ಹೀಗೆ ಒಂದರ ಹಿಂದೆ ಒಂದು ಬುದ್ಧಿಮಾತು ಬಂತು. ಬರೆದಷ್ಟೂ ಆಟ ಕೆಡುತ್ತ ಹೋಯಿತು.

ಅವರು ಊರನ್ನೆಲ್ಲ ಅನುಮಾನಿಸುತ್ತಾರೆ, ತಮ್ಮ ಮಾತನ್ನು ಮಾತ್ರ ಅನುಮಾನಿಸುವುದಿಲ್ಲ. ನನ್ನ ಕಸುಬು ಅದಕ್ಕೆ ತಿರುಗಾ ಮುರುಗಾ. ಪ್ರೋಗ್ರಾಮ್ ಕೆಟ್ಟರೆ ನಾವು ಮೊದಲು ಹಿಡಿಯುವುದು ನಮ್ಮದೇ ಕೊರಳಪಟ್ಟಿ. ಒಂದು ಬುದ್ಧಿಮಾತು ಇರುವ ಆಟ, ಅದೇ ಮಾತು ತೆಗೆದ ಆಟ, ಎರಡನ್ನೂ ಎದುರುಬದುರು ಹಚ್ಚಿ ನಾನು ರೊಟ್ಟಿ ಬಡಿಯಲು ಕೂಡುತ್ತಿದ್ದೆ. ಬಂದು ನೋಡಿದರೆ ಹೆಚ್ಚಿನ ಸಲ ಮಾತು ತೆಗೆದದ್ದೇ ಗೆದ್ದಿರುತ್ತಿತ್ತು. ಉಪದೇಶಗಳನ್ನು ತೂಗುವುದರಲ್ಲೇ ಯಂತ್ರದ ವೇಳೆ ಮುಗಿದು, ಮುಂದಿನ ನಡೆಗಳನ್ನು ನೋಡಲು ಪುರಸೊತ್ತು ಉಳಿಯುತ್ತಿರಲಿಲ್ಲ. ತಮ್ಮ ಮಾತನ್ನು ಎಲ್ಲಿ ಮುರಿಯಬೇಕೆಂಬುದು ಅವರ ಕೈಗೆ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಮುಚ್ಚಿಡದೆ ಹೇಳಿದೆ, "ನಿಮ್ಮ ಮಾತು ತಗದ್ರ ಚಲೋ ಆಡತೈತ್ರಿ."

"ಕುಣೀಲಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದು ನಕ್ಕು ಅಂಗಡಿಗೆ ಹೋದರು.

ಆಮೇಲೆ ಆ ಆಟವನ್ನು ಹಾಗೇ ಒಂದು ಕಡೆ ಇಟ್ಟು, ಅದರದೇ ಇನ್ನೊಂದು ಪ್ರತಿಯಲ್ಲಿ ಅವರ ಮಾತುಗಳನ್ನು ಒಂದೂ ಬಿಡದೆ ತೆಗೆದೆ. ಕಾಯಿಗಳ ಬೆಲೆ, ಮುಂದಿನ ನಡೆಗಳ ಲೆಕ್ಕ, ಇಷ್ಟೇ ಉಳಿಯಿತು. ಮುಂದಿನ ವಾರ ಆ ಆಟ ಅವರನ್ನು ಸೋಲಿಸಿತು. ಮತ್ತೆ ಆಡಿದರು, ಮತ್ತೆ ಸೋತರು. ಕಂಪ್ಯೂಟರನ್ನು ಬಿಟ್ಟು ನನ್ನ ಮುಖ ನೋಡಿದರು.

"ಯಾರ ಕೈ ಐತಿ ಇದರಾಗ?"

"ನಂದರಿ."

"ಸುಳ್ಳ ಹೇಳಬ್ಯಾಡ. ಆ ಒಂಟಿ ನಡಿಸಿದ್ದು ನೋಡಿದ್ರ ತಿಳೀತೈತಿ. ಇದು ಆ ಇಂಡಿ ಊರಾಂವನ ಆಟ."

ನಾನು ಮೊದಲು ನಕ್ಕೆ. ಅವರು ನಗಲಿಲ್ಲ. ಅಂದಿನಿಂದ ನನ್ನ ಮೊಬೈಲು ಗುಣುಗುಟ್ಟಿದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. ಕಾಲೇಜಿನಿಂದ ಬರುವಾಗ ಉಪ್ಪಿನಕಾಯಿಗೆಂದು ಲಿಂಬೆಹಣ್ಣು ತಂದರೆ, "ಯಾರ ಕೊಟ್ರು?" ಎಂದರು. ಕಾಮಾಲೆ ಕಣ್ಣಿಗೆ ಲೋಕವೇ ಹಳದಿಯಂತೆ, ಇನ್ನು ಲಿಂಬೆಹಣ್ಣು ಬೇರೆ ಹೇಗೆ ಕಂಡೀತು! ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಪರರ ಸಹಾಯ ಪಡೆದು ಮೋಸ ಮಾಡಿದಳು ಎಂದು ಅವರು ಸಲೀಸಾಗಿ ನಂಬಿದರು. ಅವಳೇ ಮಾಡಿದಳು ಎಂದು ನಂಬಲು ಅವರಿಂದ ಆಗಲಿಲ್ಲ. ಇದಕ್ಕೆ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ರವಿವಾರ ಲಿಂಬೆ ವ್ಯಾಪಾರಿಯೇ ಅಂಗಡಿಗೆ ಬಂದರು. ಕಳ್ಳನನ್ನು ಮಾಲಿನ ಎದುರಿಗೆ ನಿಲ್ಲಿಸಿದ ಹಾಗೆ ನಮ್ಮವರು ಅವರನ್ನು ಕಂಪ್ಯೂಟರಿನ ಮುಂದೆ ಕೂಡಿಸಿ, ನನ್ನನ್ನೂ ಕರೆದರು. ಆಟ ನೋಡಲು ಸಿಂದಗಿಯ ಗಿರಾಕಿಗಳೂ ನಿಂತರು. ವ್ಯಾಪಾರಿ ಬಹಳ ಹೊತ್ತು ಹೆಣಗಿ ಸೋತರು. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ನಮ್ಮವರತ್ತ ತಿರುಗಿದರು.

"ಇದು ನಿಮ್ಮ ಆಟ ಅಲ್ಲೇನ್ರಿ? ಆ ಒಂಟಿ ನಡಿಸಿದಾಗನ ಗುರ್ತ ಹಿಡದೆ."

ನಾನು ನಮ್ಮವರ ಬಾಯಿಯನ್ನೇ ನೋಡುತ್ತಿದ್ದೆ. ಹಾಲು, ತಕ್ಕಡಿ, ಹೆಂಡತಿ ಎಲ್ಲವನ್ನೂ ಅನುಮಾನಿಸಿದ ಮನುಷ್ಯ ಆ ಹೊಗಳಿಕೆಯನ್ನು ಚೂರೂ ಅನುಮಾನಿಸಲಿಲ್ಲ.

"ಹೌದ್ರಿ," ಎಂದರು, "ನಂದ."

"ಇನ್ನೊಂದು ಐತ್ರಿ. ಅದನ್ನೂ ಆಡ್ರಿ," ಎಂದು ನಾನು ಮುಂದೆ ಬಂದು ಹಳೆಯ ಆಟವನ್ನು ತೆರೆದೆ. ಅದರಲ್ಲಿ ನಮ್ಮವರು ಹೇಳಿದ್ದೆಲ್ಲ ಹೇಳಿದ ಹಾಗೇ ಇತ್ತು. ಚಹಾ ಆರುವುದರೊಳಗೆ ವ್ಯಾಪಾರಿ ಅದನ್ನು ಕಟ್ಟಿಹಾಕಿದರು. ರಾಜ ಹಾರಿಕೆಯನ್ನು ಜೋಪಾನ ಮಾಡುತ್ತಲೇ ಸತ್ತ. ಅದು ತಮ್ಮದೇ ಉಪದೇಶದ ಆಟ ಎಂದು ನಮ್ಮವರಿಗೆ ತಿಳಿಯಿತು. ಅವರ ಕಿವಿ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡೆ.

"ಈ ದಡ್ಡ ಆಟ ಯಾರ್ದ್ರಿ?" ಎಂದು ವ್ಯಾಪಾರಿ ನಕ್ಕರು.

"ಅದು ಆಕಿದು ಬಿಡ್ರಿ. ಆಕಿಗೆ ಆಟ ಬರಂಗಿಲ್ಲ," ಎಂದರು ನಮ್ಮವರು.

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ನಾನು ಕಾದೆ.

"ಖರೇ ಐತ್ರಿ, ನನಗ ಆಟ ಬರಂಗಿಲ್ಲ," ಎಂದೆ. "ಎರಡೂ ಪ್ರೋಗ್ರಾಮ್ ಬರದಾಕಿ ನಾನ. ಈಗ ಸೋತದ್ದು ಇವರು ಹೇಳಿಕೊಟ್ಟಿದ್ದು. ಮೊದಲಿಂದು ಇವರ ಮಾತು ತಗದು ಮಾಡಿದ್ದು."

ನಮ್ಮವರು ತಲೆಯೆತ್ತಿ, ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು. ಆ ನೋಟ ನನಗೆ ಪರಿಚಯದ್ದೇ. ಆದರೆ ಅದುವರೆಗೆ ಚದುರಂಗದ ಪಟದ ಆಚೆ ಆಡಲು ಕೂತವರ ಮೇಲೆ ಮಾತ್ರ ಅದು ಬೀಳುತ್ತಿತ್ತು.