ಚಿಹ್ನೆಯಕ್ಕನ ಹೊಟ್ಟೆಕಿಚ್ಚು

ಆ ಅನುವಾದದ ಆಫೀಸಿನಲ್ಲಿ ಅವಳನ್ನು ಎಲ್ಲರೂ ಚಿಹ್ನೆಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಂಪ್ಯೂಟರುಗಳೆಲ್ಲ ಒಂದೊಂದು ದೇಶದಲ್ಲಿ ದುಡಿದು ಸವೆದು ಬಂದ ಹಳೆಯ ಮಾಲು. ಒಂದರ ಕೀಬೋರ್ಡಿನಲ್ಲಿ ವೈ ಇರುವ ಜಾಗದಲ್ಲಿ ಇನ್ನೊಂದರಲ್ಲಿ ಜೆಡ್ ಕೂತಿರುತ್ತಿತ್ತು. ಒಂದರ ಮೇಲೊಂದು ಏರಿದ ಎರಡು ಎಸ್‌ನಂಥ ಸೆಕ್ಷನ್ ಗುರುತು ಎಲ್ಲಿ ಅಡಗಿದೆಯೋ ಯಾರಿಗೂ ಗೊತ್ತಿಲ್ಲ. ಆಗೆಲ್ಲ "ಅಕ್ಕಾ" ಎಂಬ ಕೂಗು ಬರುತ್ತಿತ್ತು. ಅವಳು ಕನ್ನಡಕ ಏರಿಸಿಕೊಂಡು, ಅವಸರವೇ ಇಲ್ಲದವಳಂತೆ ಎದ್ದು ಹೋಗಿ, ಕೀ ಒತ್ತಿ ಬರುತ್ತಿದ್ದಳು. ಮನೆಯಲ್ಲಿ ಗಂಡನಾಗಲಿ ಮಗಳಾಗಲಿ ಅವಳ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಆ ಕೂಗೊಂದೇ ಅವಳ ಆಸ್ತಿ.

ಅಷ್ಟರಲ್ಲಿ ಕಿಟಕಿ ಪಕ್ಕದ ಮೇಜಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಊರೂರು ಸುತ್ತಿದವಳು, ಯಾವ ದೇಶದ ಕೀಬೋರ್ಡ್ ಕೊಟ್ಟರೂ ತಲೆ ಬಗ್ಗಿಸದೆ ಟೈಪ್ ಮಾಡುವವಳು. ನೋಡನೋಡುತ್ತ ಕೂಗುಗಳೆಲ್ಲ ಕಿಟಕಿಯ ಕಡೆ ತಿರುಗಿದವು. ಚಿಹ್ನೆಯಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಹುಡುಗಿ ನಕ್ಕರೆ ಬಿನ್ನಾಣ, ನಗದಿದ್ದರೆ ಜಂಬ. ಅವಳ ನೀರಿನ ಬಾಟಲಿ ಕಂಡರೂ ಇವಳಿಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುಡುಗಿ ಊಟಕ್ಕೆ ಎದ್ದುಹೋದಾಗ, ಚಿಹ್ನೆಯಕ್ಕ ಅವಳ ಕಂಪ್ಯೂಟರನ್ನು ಬೇರೆ ದೇಶದ ಕೀಬೋರ್ಡಿನ ಕ್ರಮಕ್ಕೆ ತಿರುಗಿಸಿ ಬಂದು, ಏನೂ ಅರಿಯದವಳಂತೆ ಕೂತಳು. ಇನ್ನು ಆಟ್ ಚಿಹ್ನೆ ಒತ್ತಿದರೆ ಉದ್ಧರಣ ಚಿಹ್ನೆ ಬೀಳುತ್ತದೆ. ಒಂದು ಇಮೇಲ್ ವಿಳಾಸ ಬರೆಯಲಾಗದೆ ಎಲ್ಲರೆದುರು ಒದ್ದಾಡಲಿ ಮಹಾರಾಣಿ.

ಹುಡುಗಿ ಬಂದಳು, ಒತ್ತಿದಳು, ಪರದೆ ನೋಡಿದಳು. ಮೇಜಿನ ಮೇಲೂ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ಎದ್ದು ನಿಂತು, ಇಡೀ ಹಾಲಿಗೆ ಕೇಳುವ ಹಾಗೆ ಕರೆದಳು.

"ಅಕ್ಕಾ, ಸ್ವಲ್ಪ ಬರ್ತೀರಾ? ಇದು ನಿಮ್ಮಿಂದಲೇ ಆಗ್ಬೇಕು."

ಎಷ್ಟು ದಿನವಾಗಿತ್ತು ಆ ಕೂಗು ಕೇಳಿ. ಚಿಹ್ನೆಯಕ್ಕ ಎಲ್ಲರ ಕಣ್ಣೆದುರು ನಡೆದು ಹೋಗಿ, ಕೀಬೋರ್ಡಿನ ಕ್ರಮ ಬದಲಿಸುವ ಎರಡು ಕೀ ಒಟ್ಟಿಗೆ ಒತ್ತಿದಳು. ಎಲ್ಲ ಸರಿಹೋಯಿತು. ಅಕ್ಕ ಅಂದರೆ ಅಕ್ಕನೇ ಎಂದು ಮ್ಯಾನೇಜರ್ ಕೂಡ ಹೊಗಳಿದರು. ಸಂಜೆಯವರೆಗೂ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಮನೆಗೆ ಹೊರಟಾಗ ಬೇಕೆಂದೇ ಕಿಟಕಿಯ ಪಕ್ಕ ಹಾದುಹೋದಳು. ಹುಡುಗಿ ಎರಡು ಭಾಷೆಗಳ ಕಾಗದವೊಂದನ್ನು ಟೈಪ್ ಮಾಡುತ್ತಿದ್ದಳು. ಸಾಲು ಸಾಲಿಗೂ ಅವಳ ಎಡಗೈ, ನೋಡದೆಯೇ, ಅದೇ ಎರಡು ಕೀಗಳನ್ನು ಒಟ್ಟಿಗೆ ಒತ್ತುತ್ತಿತ್ತು. ಚಿಹ್ನೆಯಕ್ಕ ನಿಂತಲ್ಲೇ ನಿಂತಳು.

ಹುಡುಗಿ ತಲೆ ಎತ್ತಿ, ಡ್ರಾಯರಿನಿಂದ ಕನ್ನಡಕದ ಡಬ್ಬಿಯೊಂದನ್ನು ತೆಗೆದು, ಯಾರಿಗೂ ಕಾಣದಂತೆ ಅವಳ ಕೈಗಿಟ್ಟಳು.

"ಊಟದ ಹೊತ್ತಲ್ಲಿ ಇಲ್ಲೇ ಬಿಟ್ಟಿದ್ರಿ ಅಕ್ಕ."

ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಿಹ್ನೆಯಕ್ಕ ಡಬ್ಬಿಯನ್ನು ಮುಚ್ಚಿಟ್ಟುಕೊಂಡು ಮೆಟ್ಟಿಲಿಳಿದಳು. ಇಷ್ಟು ದಿನ ಆ ಹುಡುಗಿಯ ಬೆರಳುಗಳ ಮೇಲಷ್ಟೇ ಅವಳಿಗೆ ಹೊಟ್ಟೆಕಿಚ್ಚಿತ್ತು. ಈಗ ಆ ಹುಡುಗಿಯ ದೊಡ್ಡ ಮನಸ್ಸಿನ ಮೇಲೂ ಹುಟ್ಟಿತು.