ಅಂಗಡಿಯಲ್ಲಿ ಆರಿಹೋಗದ ಕಂಪ್ಯೂಟರ್

ರಜೆ ಅರ್ಜಿ ಮತ್ತು ಶಾಲಾ ವರದಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನಾನು, ಕಳೆದ ಮಳೆಗಾಲದ ಆರಂಭದಲ್ಲಿ ಮೂಡುಬಿದಿರೆಯ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ನಿರೂಪಣೆಯಲ್ಲಿ ಲೋಪವಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಾನು ಬೆಳ್ತಂಗಡಿ ಕಡೆಯ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕಿ. ನಮ್ಮಂಥವರನ್ನು ಮುಂದುವರಿಸುವ ಮೊದಲು ಒಂದು ವಾರದ ಆನ್‌ಲೈನ್ ತರಬೇತಿ, ಶನಿವಾರ ಸಂಜೆ ಒಂದು ಗಂಟೆಯ ಪರೀಕ್ಷೆ ಎಂದು ಸುತ್ತೋಲೆ ಬಂದಿತ್ತು. ಪರೀಕ್ಷೆಯನ್ನು ಮೊಬೈಲಿನಲ್ಲಿ ಬರೆಯುವಂತಿರಲಿಲ್ಲ. ನಡುವೆ ಸಂಪರ್ಕ ಕಡಿದರೆ ಎರಡನೇ ಅವಕಾಶವೂ ಇರಲಿಲ್ಲ.

ಸೋಮವಾರ ತರಗತಿ ಶುರುವಾಗಿ ಅರ್ಧ ಗಂಟೆಯೊಳಗೆ ನಮ್ಮ ಕಂಪ್ಯೂಟರ್ ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಯಿತು. ಕರೆಂಟು ಇತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಮತ್ತೆ ಚಾಲೂ ಮಾಡಿದರೆ ಹತ್ತು ನಿಮಿಷ ನಡೆಯಿತು, ಇನ್ನೊಮ್ಮೆ ಮಾಡಿದರೆ ಐದೇ ನಿಮಿಷ. ವೋಲ್ಟೇಜಿನ ತೊಂದರೆ ಎಂದು ಯಜಮಾನರು ನಿರ್ಧರಿಸಿದರು. ಮಂಗಳವಾರ ಎಕ್ಸ್‌ಟೆನ್ಶನ್ ಬೋರ್ಡ್ ಬದಲಾಯಿಸಿ, ಬೇರೆ ಪ್ಲಗ್ಗಿಗೆ ಹಾಕಿ ನೋಡಿದ್ದೂ ಆಯಿತು. ಫಲಿತಾಂಶದಲ್ಲಿ ವ್ಯತ್ಯಾಸವಾಗಲಿಲ್ಲ.

ಯಜಮಾನರ ಕೆಲಸ ಬಂಟ್ವಾಳದಲ್ಲಿ. ಬುಧವಾರ ಅವರು ಸದರಿ ಯಂತ್ರವನ್ನು ಕಾರಿನಲ್ಲಿಟ್ಟು, ಅದನ್ನು ಕೊಂಡಿದ್ದ ಅಲ್ಲಿನ ಅಂಗಡಿಗೇ ಒಯ್ದರು. ಅಂಗಡಿಯವರು ಧೂಳು ತೆಗೆದು, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡದೆ ವಿಡಿಯೊ ಓಡಿಸಿದರು. ಒಮ್ಮೆಯೂ ಆರಲಿಲ್ಲ. ಗುರುವಾರ ಸಂಜೆ ಅದೇ ಯಂತ್ರ ನಮ್ಮ ಮನೆಯಲ್ಲಿ, ಅದೇ ಅರ್ಧ ಗಂಟೆಗೆ, ಮತ್ತೆ ಆರಿತು.

"ಅದಕ್ಕೆ ಬಂಟ್ವಾಳದ ನೀರು ಹಿಡಿಸಿದೆ ಮಾರಾಯ್ತಿ. ನೀನೂ ಅಲ್ಲಿಯೇ ಹೋಗಿ ಪರೀಕ್ಷೆ ಬರಿ" ಎಂದರು ಯಜಮಾನರು. ನನಗೆ ನಗು ಬರಲಿಲ್ಲ. ಶಾಲೆಯಿಂದ ಬಿಡುಗಡೆ ಪತ್ರ ಯಾವ ಒಕ್ಕಣೆಯಲ್ಲಿ ಬರಬಹುದೆಂದು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅತ್ತೆಯವರು, ಒಳ್ಳೆಯದಾಗುತ್ತದೆ, ಹೆದರಬೇಡ ಎಂದು ಬೆನ್ನು ಸವರಿದರು.

ಶುಕ್ರವಾರ ಅಂಗಡಿಯವರು ನಮ್ಮ ಹತ್ತಿರದ ಮಿಜಾರಿಗೆ ಬೇರೆ ಕೆಲಸದ ಮೇಲೆ ಬಂದವರು, ನನ್ನ ಕೋರಿಕೆಯಂತೆ ನಮ್ಮಲ್ಲಿಗೂ ಬಂದರು. ಚಾಲೂ ಮಾಡಿ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತರು. ಬಳಿಕ ಮೇಜಿನ ಕೆಳಗೆ ತೂರಿ, ಗೋಡೆಗೆ ಒತ್ತಿ ಇಟ್ಟಿದ್ದ ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿದವರು ಥಟ್ಟನೆ ಹಿಂತೆಗೆದರು. ಮರಳಿ ಕೈ ಹಾಕಿದಾಗ ಕೈಗೆ ಬಂದದ್ದು ಎರಡು ಮಡಿಕೆಯ ಬಿಳಿ ಬಟ್ಟೆ. ನಾಲ್ಕು ಮೂಲೆಗೂ ದಾರ ಕಟ್ಟಿತ್ತು. ಮುಂದಿನ ಮಾತು ನಡೆದದ್ದು ತುಳುವಿನಲ್ಲಿ, ಕನ್ನಡದಲ್ಲಿ ನಮೂದಿಸಿದ್ದೇನೆ.

"ಟೀಚರ್, ಇದಕ್ಕೆ ಕಂಬಳಿ ಹೊದಿಸಿದ್ದು ಯಾರು?"

"ನಾನು" ಎಂದರು ಅತ್ತೆ. "ಒಳಗೆ ಫ್ಯಾನ್ ಉಂಟಲ್ಲ. ಹಾತೆ ಹೋಗಿ ಸಿಕ್ಕಿಕೊಂಡರೆ ಸಾಯುವುದಿಲ್ಲವಾ?"

ನಮ್ಮದು ಜೈನರ ಮನೆ. ಕುಡಿಯುವ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಅತ್ತೆ ಬಾಯಿಗೆ ಹಾಕುವವರಲ್ಲ. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯುತ್ತದೆ. ಮೊದಲ ಮಳೆಗೆ, ದೀಪಕ್ಕೆ ಮುತ್ತುವ ರೆಕ್ಕೆಹುಳುಗಳಾದ ಹಾತೆಗಳು ಏಳಲು ತೊಡಗಿದೊಡನೆ ಅವರು ಹಳೆಯ ಪಂಚೆಯನ್ನು ಹರಿದು, ನೀರಿಗೆ ಮಾಡುವ ಹಾಗೆಯೇ ಆ ಪೆಟ್ಟಿಗೆಗೂ ಮಾಡಿದ್ದರು. ಬಂಟ್ವಾಳಕ್ಕೆ ಒಯ್ಯುವ ಬೆಳಿಗ್ಗೆ ಅದನ್ನು ಬಿಚ್ಚಿ ಒಗೆದು ಒಣಗಿಸಿ, ಯಂತ್ರ ಮರಳಿದ ಮೇಲೆ ಮತ್ತೆ ಕಟ್ಟಿದ್ದರು. ಬಿಸಿ ಗಾಳಿ ಹೊರಗೆ ಹೋಗುವ ದಾರಿಯೇ ಮುಚ್ಚಿತ್ತು.

"ಹಾತೆ ಉಳಿಯಿತು ಅಮ್ಮ, ಕಂಪ್ಯೂಟರ್ ಹೋಗುವ ಅಂದಾಜಿನಲ್ಲಿತ್ತು" ಎಂದರು ಅಂಗಡಿಯವರು. ಅತ್ತೆಯ ಮುಖ ಸಣ್ಣದಾಯಿತು. ಅವರು ನನ್ನತ್ತ ನೋಡಿ, "ನಿನ್ನ ಕೆಲಸಕ್ಕೆ ನಾನೇ ಅಡ್ಡ ಬಂದೆನಾ?" ಎಂದರು. ನನಗೆ ಬೇಸರಪಡಲು ಸಾಧ್ಯವಾಗಲಿಲ್ಲ. ಮೈಮೇಲಿದ್ದ ಹೊರೆಯನ್ನು ಯಾರೋ ಇಳಿಸಿದಂತಾಗಿ, ಅವರ ಕೈ ಹಿಡಿದುಕೊಂಡೆ.

ಅಂಗಡಿಯವರು ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದರು. ಹಾತೆ ಬರುವುದು ಬೆಳಕಿಗೆ, ಬಟ್ಟೆಯ ಮಡಿಕೆ ಬಿಚ್ಚಿ ಕಿಟಕಿಗೆ ಕಟ್ಟಿದರೆ ಸಾಕು ಎಂದು ಅತ್ತೆಗೆ ವಿವರಿಸಿದರು. ಅತ್ತೆ ತಕ್ಷಣ ದಾರ ಹುಡುಕಲು ಎದ್ದರು.

ಶನಿವಾರ ಸಂಜೆ ಕೋಣೆಯ ದೀಪ ಆರಿಸಿ, ಪರದೆಯ ಬೆಳಕೊಂದರಲ್ಲೇ ನಾನು ಪರೀಕ್ಷೆ ಬರೆದೆ. ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕಾವಲು ಕುಳಿತರು. ಅರ್ಧ ಗಂಟೆಗೆ ಗಡಿಯಾರ ನೋಡಿದೆ. ಯಂತ್ರ ಗುಂಯ್ ಎನ್ನುತ್ತಲೇ ಇತ್ತು. ಪೂರ್ತಿ ಒಂದು ಗಂಟೆ ಕಳೆದು, ಉತ್ತರಗಳು ಸ್ವೀಕೃತವಾಗಿವೆ ಎಂಬ ಸಾಲು ಮೂಡಿದಾಗ ಅದನ್ನು ಮೂರು ಬಾರಿ ಓದಿದೆ.

"ಮುಗಿಯಿತಾ?" ಎಂದರು ಅತ್ತೆ ಮೆಲ್ಲಗೆ.

"ಮುಗಿಯಿತು ಅತ್ತೆ."

"ಇಲ್ಲಿಯೂ ಒಂದು ಹಾತೆಯೂ ಒಳಗೆ ಬರಲಿಲ್ಲ" ಎಂದು ಅವರು ಕಿಟಕಿಯ ಬಟ್ಟೆಯ ಮೇಲೆ ಕೈಯಾಡಿಸಿದರು.