ಕೋಳಿ ಕೂಗದ ಹಟ್ಟಿಯ ಬಾಲವಾಡಿ

ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದವರು ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಹಟ್ಟಿಗೆ ಬರಬೇಕು. ಅಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಅದು ಕುಲದ ಕಟ್ಟಳೆ. ನೆಂಟರು ಕಂಕುಳಲ್ಲಿ ಅವುಚಿಕೊಂಡು ತಂದರೂ ಬೇಲಿಯಾಚೆ ಬಿಟ್ಟೇ ಒಳಗೆ ಬರಬೇಕು. ಆಂಧ್ರದ ಗಡಿ ಕೂಗಳತೆಯಲ್ಲಿರುವ ಇಂಥದೊಂದು ಹಟ್ಟಿಯಲ್ಲೇ ಮುದ್ದಕ್ಕ ಹುಟ್ಟಿದ್ದು, ಅಲ್ಲೇ ಸೋದರಮಾವನ ಮಗನನ್ನು ಕಟ್ಟಿಕೊಂಡು ಉಳಿದದ್ದು.

ಹಟ್ಟಿಯ ಮನೆಮಾತು ತೆಲುಗು. ಸ್ಕೂಲು ಮಾತ್ರ ಕನ್ನಡದ್ದು, ಅದೂ ಪಕ್ಕದ ಊರಿನಲ್ಲಿ. ಚಿಕ್ಕಂದಿನಲ್ಲಿ ಮುದ್ದಕ್ಕ ಒಂದನೇ ಕ್ಲಾಸಿಗೆ ಹೋದವಳು ಒಂದಕ್ಕೆ ಹೋಗಬೇಕು ಅಂತ ತೆಲುಗಿನಲ್ಲಿ ಕೇಳಿದಳು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಲಂಗ ಒದ್ದೆಯಾಯಿತು, ಇಡೀ ಕ್ಲಾಸು ನಕ್ಕಿತು. ಮಾರನೇ ದಿನದಿಂದ ಅವ್ವ ಅವಳನ್ನು ಕುರಿಮರಿ ಕಾಯಲು ಹಚ್ಚಿದಳು. ಕನ್ನಡ ಬಂದದ್ದು ಆಮೇಲೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಾ. ಬೈಗುಳ ಮೊದಲು ಬಂತು, ಮಿಕ್ಕ ಮಾತು ಅದರ ಬಾಲ ಹಿಡಿದು ಬಂತು. ಛಲಕ್ಕೆ ಬಿದ್ದು ಏಳನೇ ಕ್ಲಾಸನ್ನೂ ಕಟ್ಟಿ ಪಾಸು ಮಾಡಿದಳು.

ತೊಂಬತ್ತೇಳರಲ್ಲಿ ಒಂದು ಸಂಸ್ಥೆಯವರು ಹಟ್ಟಿಗೆ ಪುಕ್ಕಟೆ ಬಾಲವಾಡಿ ಕೊಡಲು ಬಂದಾಗ ಎರಡೂ ಭಾಷೆ ಬಲ್ಲ, ಅಕ್ಷರವೂ ಬಲ್ಲ ಹೆಂಗಸು ಅಂತ ಇದ್ದವಳು ಅವಳೊಬ್ಬಳೇ. ಕುರಿರೊಪ್ಪದ ಪಕ್ಕದ ಕೋಣೆಗೆ ಸುಣ್ಣ ಬಳಿದು ಮಕ್ಕಳನ್ನು ಕೂರಿಸಿಕೊಂಡಳು. ಹಟ್ಟಿಯ ಯಾವ ಕೂಸೂ ಇನ್ನು ಕ್ಲಾಸಿನಲ್ಲಿ ಮೂಕಬಸವನ ಹಾಗೆ ನಿಲ್ಲಬಾರದು, ಅಷ್ಟೇ ಅವಳ ಹಟ. ಪ್ರತಿ ಮಾತನ್ನೂ ಮೊದಲು ತೆಲುಗಿನಲ್ಲಿ ಹೇಳಿ ಆಮೇಲೆ ಕನ್ನಡಕ್ಕೆ ಎಳೆದು ತರುತ್ತಿದ್ದಳು. ಸಂಜೆ ಹೊಸಿಲಿಗೆ ಅಡ್ಡ ನಿಲ್ಲುವಳು. ಅವತ್ತು ಏನು ಮಾಡಿದೆ, ಏನು ತಿಂದೆ ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದವರಿಗೆ ‘ಭೇಷ್’ ಎಂದು ತಲೆ ನೇವರಿಸಿ ದಾರಿ ಬಿಡುವಳು.

ಎಲ್ಲರೂ ಹೇಳುತ್ತಿದ್ದರು, ಪಾಲಕ್ಕನೊಬ್ಬಳನ್ನು ಬಿಟ್ಟು. ಅವಳು ಹಟ್ಟಿಯ ಯಜಮಾನ ದೊಡ್ಡೀರಪ್ಪನ ಮೊಮ್ಮಗಳು, ಐದು ವರ್ಷದ ಕಡ್ಡಿಯಂಥ ಕೂಸು. ಕನ್ನಡ ಬಾರದೆ ಸುಮ್ಮನೆ ನಿಂತಿದ್ದ ಅವಳ ಅಣ್ಣನನ್ನು ಸ್ಕೂಲಿನವರು ಮೂಗ ಅಂತ ವಾಪಸು ಕಳಿಸಿದ್ದರು. “ಇದೂ ಹಂಗೇ ಬಾಯಿ ಬಿಡ್ದೇ ಇದ್ರೆ ಕುರಿ ಹಿಂದೆ ಕಳಿಸ್ತೀನಿ” ಎಂದು ತಾಯಿ ಮಂಜಮ್ಮ ಆಗಲೇ ಹೇಳಿಬಿಟ್ಟಿದ್ದಳು. ಮುಂದಿನ ಜೂನಿಗೆ ಪಾಲಕ್ಕ ಒಂದನೇ ಕ್ಲಾಸಿಗೆ. ಅಷ್ಟರೊಳಗೆ ಅವಳ ಬಾಯಿಂದ ಒಂದು ಕನ್ನಡದ ಮಾತು ಹೊರಡಿಸದಿದ್ದರೆ ತಾನು ಟೀಚರೇ ಅಲ್ಲ ಎಂದುಕೊಂಡಿದ್ದಳು ಮುದ್ದಕ್ಕ. ದಿನಾ ಹೊಸಿಲಲ್ಲಿ ಅವಳ ಪರವಾಗಿ ತಾನೇ “ಪಾಲಕ್ಕ ಇವತ್ತು ಉಪ್ಪಿಟ್ಟು ತಿಂದಳು” ಎಂದು ಹೇಳಿ ಕಳಿಸುತ್ತಿದ್ದಳು.

ಚಳಿಗಾಲದಲ್ಲಿ ಸಂಸ್ಥೆಯ ಮೇಡಂ ತೂಕದ ಮೆಷಿನ್ನಿನ ಜೊತೆ ಮೊಟ್ಟೆಯ ಬುಟ್ಟಿಯನ್ನೂ ಜೀಪಿನಿಂದ ಇಳಿಸಿದರು.

“ಮೇಡಂ, ನಮ್ಮ ಹಟ್ಟಿಯಾಗೆ ಇದು ಆಗಾಕಿಲ್ಲ ರೀ” ಎಂದಳು ಮುದ್ದಕ್ಕ.

“ಎಲ್ಲಾ ಬಾಲವಾಡಿಗೂ ಒಂದೇ ರೂಲ್ಸು. ಬೇಡ ಅಂದ್ರೆ ಹೇಳಿ, ಬೇರೆ ಊರಿನವರು ಕಾಯ್ತಾ ಇದಾರೆ. ಮುಂದಿನ ಸಲ ಮಕ್ಕಳ ತೂಕ ಏರಿರಬೇಕು.”

ಅವತ್ತೇ ಹೋಗಿ ಯಜಮಾನನಿಗೆ ಹೇಳಬೇಕಿತ್ತು. ಹೇಳಲಿಲ್ಲ ಪುಣ್ಯಾತ್ಗಿತ್ತಿ. ಹೇಳಿದರೆ ಬಾಲವಾಡಿ ಹೋಗುತ್ತದೆ, ಬಾಲವಾಡಿ ಹೋದರೆ ಪಾಲಕ್ಕ ಕುರಿಯ ಹಿಂದೆ ಹೋಗುತ್ತಾಳೆ, ಇಷ್ಟೇ ಅವಳ ತಲೆಯಲ್ಲಿ ಗುಂಯ್‌ಗುಡುತ್ತಿದ್ದದ್ದು. ಬೇಲಿಯಾಚೆ ಜಾಲಿಮರದ ಕೆಳಗೆ ಕಲ್ಲು ಹೂಡಿ ಮೊಟ್ಟೆ ಬೇಯಿಸಿದಳು. ಮಕ್ಕಳನ್ನು ಅಲ್ಲಿಗೇ ಕರೆದೊಯ್ದು ತಿನ್ನಿಸಿದಳು, ಬಾಯಿ ತೊಳೆಸಿದಳು, ಮನೆಯಲ್ಲಿ ಹೇಳಬೇಡಿ ಎಂದು ತೆಲುಗಿನಲ್ಲಿ ಒತ್ತಿ ಒತ್ತಿ ಹೇಳಿದಳು. ತಾನೂ ಆ ಹಟ್ಟಿಯವಳೇ ಆದ್ದರಿಂದ ಬೇಯಿಸಿದ ಪಾತ್ರೆಯನ್ನು ಬೇಲಿಯಾಚೆಯೇ ಬಚ್ಚಿಟ್ಟು, ಮಣ್ಣು ಹಚ್ಚಿ ಕೈ ತಿಕ್ಕಿ ತೊಳೆದೇ ಒಳಗೆ ಬರುತ್ತಿದ್ದಳು. ಆದರೂ ಪಾಲಕ್ಕನ ಕೆನ್ನೆ ಒಂಚೂರು ತುಂಬಿಕೊಂಡಿದ್ದನ್ನು ನೋಡಿ ಪಾಪವೋ ಪುಣ್ಯವೋ ನನ್ನ ತಲೆಗಿರಲಿ ಎಂದುಕೊಂಡಳು.

ಒಂದು ಸಂಜೆ ನನ್ನಿವಾಳ ಎಂಬ ಊರಿನ ಕಡೆಯಿಂದ ಕುಲದ ಹಿರಿಯರು ದೇವರ ಕೆಲಸದ ಮಾತಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ದೊಡ್ಡೀರಪ್ಪ ಮುದ್ದಕ್ಕನನ್ನೂ ಮಕ್ಕಳನ್ನೂ ಕರೆಸಿದ. “ನಮ್ಮ ಹಟ್ಟಿ ಹುಡ್ರು ಈಗ ಕನ್ನಡ ಪಟಪಟ ಅಂತ ಮಾತಾಡ್ತಾವೆ, ಕೇಳ್ರಿ” ಎಂದು ಬೀಗಿದ. ಒಬ್ಬ ಹಾಡು ಹೇಳಿದೆ ಎಂದ, ಇನ್ನೊಬ್ಬಳು ಮಣ್ಣಲ್ಲಿ ಆಡಿದೆ ಎಂದಳು. ಹಿರಿಯರು ತಲೆದೂಗಿದರು. ಆಗ, ಯಾರೂ ಕೇಳದೆಯೇ, ತಾತನ ತೊಡೆಯ ಮೇಲಿದ್ದ ಪಾಲಕ್ಕ ಬಾಯಿ ತೆರೆದಳು.

“ನಾನು ಇವತ್ತು ಮೊಟ್ಟೆ ತಿಂದೆ.”

ಮುದ್ದಕ್ಕನಿಗೆ ಮೊದಲು ಆದದ್ದು ಸಂತೋಷ. ನಿಜಕ್ಕೂ ಸಂತೋಷ, ಕಣ್ಣು ತುಂಬುವಷ್ಟು. ಇಡೀ ಮಾತು, ಒಂದಕ್ಷರ ತಪ್ಪಿಲ್ಲದೆ! ಹೆದರಿಕೆ ಬಂದದ್ದು ಅದರ ಹಿಂದೆ. ಹೇಳಬೇಡ ಅಂದದ್ದು ಮನೆಯಲ್ಲಿ, ಅದೂ ತೆಲುಗಿನಲ್ಲಿ. ಕಟ್ಟೆಗೂ ಕನ್ನಡಕ್ಕೂ ಆ ಮಾತು ಅನ್ವಯಿಸುತ್ತದೆಂದು ಕೂಸಿಗೆ ಹೇಗೆ ಗೊತ್ತಾಗಬೇಕು? ಪಾಲಕ್ಕ ಅವಳನ್ನೇ ನೋಡುತ್ತಿದ್ದಳು, ಭೇಷ್ ಎನ್ನಲಿ ಎಂದು.

“ಏನಂತು ಕೂಸು?” ಎಂದರು ನನ್ನಿವಾಳದ ಹಿರಿಯರು.

ಕೋಳಿ, ಮೊಟ್ಟೆ ಸೋಕಿದ ನಾಲಿಗೆಗೆ ಎಕ್ಕದ ಕಡ್ಡಿ ಕಾಯಿಸಿ ಮುಟ್ಟಿಸಿ ಸುಟ್ಟೇ ಮತ್ತೆ ಕುಲದೊಳಗೆ ಕರೆದುಕೊಳ್ಳಬೇಕು, ಅದು ಕಟ್ಟು. ಮಂಜಮ್ಮ ಸೆರಗು ಬಾಯಿಗೊತ್ತಿಕೊಂಡಳು. ದೊಡ್ಡೀರಪ್ಪನ ಮುಖ ಕಪ್ಪಿಟ್ಟಿತು.

“ಮುದ್ದಕ್ಕ, ಕೂಸಿಗೆ ಇನ್ನಾ ಸರಿಯಾಗಿ ಕನ್ನಡ ಬರಾಕಿಲ್ಲ, ಅಲ್ವೇನಮ್ಮ? ಏನೋ ಅನ್ನಾಕೋಗಿ ಏನೋ ಅಂತು. ಹೌದೋ ಇಲ್ಲೋ ನೀನೇ ಹೇಳು.”

ಯಜಮಾನ ಅಂಗಲಾಚುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಹೌದು ಎಂದರೆ ಆ ಪುಟ್ಟ ನಾಲಿಗೆ ಉಳಿಯುತ್ತದೆ, ಬಾಲವಾಡಿಯೂ ಉಳಿಯುತ್ತದೆ.

“ಹೌದು ಯಜಮಾನ್ರೆ. ಅದು ಹೇಳಿದ್ದು ತಪ್ಪು. ಅದಕ್ಕೆ ಕನ್ನಡ ಬರಾಕಿಲ್ಲ.”

ತಪ್ಪು ಎಂಬ ಮಾತು ತೆಲುಗಿನಲ್ಲೂ ತಪ್ಪೇ. ಪಾಲಕ್ಕನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಹಿರಿಯರು ನಕ್ಕರು, ಹಟ್ಟಿಯವರೂ ನಿರುಮ್ಮಳವಾಗಿ ನಕ್ಕರು. ಕೂಸು ತಾತನ ಪಂಚೆಯಲ್ಲಿ ಮುಖ ಹುದುಗಿಸಿಕೊಂಡಿತು.

ಮುಂದಿನ ಸಲ ಮೇಡಂ ಬಂದಾಗ ಮುದ್ದಕ್ಕ ಅವರ ಕೈ ಹಿಡಿದು ಅತ್ತಳು. “ಅಯ್ಯೋ, ಇಷ್ಟೊಂದು ಅಂತ ನನಗೇನು ಗೊತ್ತಿತ್ತು ರೀ” ಎಂದು ಅವರು ಮೊಟ್ಟೆ ನಿಲ್ಲಿಸಿ ಶೇಂಗಾ, ಬೆಲ್ಲ ಕಳಿಸಿಕೊಟ್ಟರು. ಮೊದಲೇ ಹೀಗೆ ಅತ್ತಿದ್ದರೆ ಮೊದಲೇ ಆಗುತ್ತಿತ್ತು.

ಜೂನಿನಲ್ಲಿ ಮುದ್ದಕ್ಕನೇ ಪಾಲಕ್ಕನನ್ನು ಸ್ಕೂಲಿಗೆ ಕರೆದೊಯ್ದಳು. ಮೇಷ್ಟ್ರು ಹೆಸರೇನು ಎಂದು ಕೇಳಿದರು. ಹುಡುಗಿ ಮುದ್ದಕ್ಕನ ಮುಖ ನೋಡಿ ತುಟಿ ಬಿಗಿದುಕೊಂಡಳು. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ದಸರಾ ರಜೆ ಕಳೆಯುವ ಹೊತ್ತಿಗೆ ಕುರಿಯ ಹಿಂದಿದ್ದಳು.

ಬಾಲವಾಡಿ ಮಾತ್ರ ಬಹಳ ವರ್ಷ ನಡೆಯಿತು. ಅಲ್ಲಿ ಕಲಿತ ಮಕ್ಕಳಲ್ಲಿ ಕೆಲವರು ಮೊಳಕಾಲ್ಮುರಿನ ಹೈಸ್ಕೂಲು ಮುಟ್ಟಿದರು. ಮುದ್ದಕ್ಕ ಆಮೇಲೂ ಸಂಜೆ ಹೊಸಿಲಲ್ಲಿ ನಿಲ್ಲುತ್ತಿದ್ದಳು. ಆದರೆ ಮಕ್ಕಳು ಏನೇ ಹೇಳಲಿ, ಸರಿಯಿರಲಿ ಇಲ್ಲದಿರಲಿ, ಭೇಷ್ ಎಂದೇ ಕಳಿಸುತ್ತಿದ್ದಳು.

ಎರಡು ಸಾವಿರದ ಐದರ ಒಂದು ಸಂಜೆ, ಲಂಗದಾವಣಿ ಉಡುವಷ್ಟು ಬೆಳೆದಿದ್ದ ಪಾಲಕ್ಕ ಕುರಿ ಹೊಡೆದುಕೊಂಡು ಬಂದವಳು ಬಾಲವಾಡಿಯ ಬಾಗಿಲಲ್ಲಿ ನಿಂತು ಮಕ್ಕಳ ಮಾತು ಕೇಳುತ್ತಿದ್ದಳು. ಮುದ್ದಕ್ಕನಿಗೆ ಜೀವ ತಡೆಯಲಿಲ್ಲ.

“ಪಾಲಕ್ಕ, ನೀನು ಇವತ್ತು ಏನು ಮಾಡಿದೆ ಹೇಳವ್ವ” ಎಂದು ಕನ್ನಡದಲ್ಲೇ ಕೇಳಿದಳು.

ಹುಡುಗಿಗೆ ಪ್ರಶ್ನೆ ಅರ್ಥವಾಗಿತ್ತು. ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳಂತೆ ತೆಲುಗಿನಲ್ಲಿ, “ನಾಕು ಕನ್ನಡಂ ರಾದಕ್ಕಾ” ಎಂದಳು. ನನಗೆ ಕನ್ನಡ ಬರಲ್ಲ ಅಕ್ಕ, ಎಂದು.